ತಮ್ಮನಿಗೆ ಬಾಯಾದ ಭಾನುವಾರ

ನಮ್ಮ ಸಭೆಯಲ್ಲಿ ಹೆಂಗಸರು ಬಾಯಿ ಬಿಡುವ ಹಾಗಿಲ್ಲ. ಯೇಸುವಿನ ಅಪೊಸ್ತಲರೊಬ್ಬರು ಯಾವುದೋ ಕಾಲದಲ್ಲಿ ಯಾವುದೋ ಊರಿನ ಸಭೆಗೆ ಬರೆದ ಪತ್ರ ಬೈಬಲ್ಲಿನಲ್ಲಿದೆ. ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕು, ಏನಾದರೂ ತಿಳಿಯಬೇಕಿದ್ದರೆ ಮನೆಗೆ ಹೋಗಿ ಗಂಡನನ್ನು ಕೇಳಬೇಕು ಎಂಬ ಮಾತು ಅದರಲ್ಲಿ ಬರುತ್ತದೆ. ಅದು ಆ ಊರಿನ ಗಲಾಟೆ ನಿಲ್ಲಿಸಲು ಬರೆದದ್ದು, ಎಲ್ಲ ಊರಿಗೂ ಅಲ್ಲ ಎನ್ನುವವರಿದ್ದಾರೆ. ನಮ್ಮ ಹಿರಿಯರು ಹಾಗೆನ್ನುವವರಲ್ಲ. ಬರೆದದ್ದು ಬರೆದ ಹಾಗೇ. ಹೆಂಗಸರು ಹಾಡಬಹುದೇ ಎಂಬ ಬಗ್ಗೆ ನಾನು ಹುಟ್ಟುವ ಮೊದಲು ಮೂರು ವರ್ಷ ಚರ್ಚೆ ನಡೆದು, ಎಲ್ಲರ ಜೊತೆ ತೆರೆದ ಬಾಯಿ ಒಬ್ಬಳ ಬಾಯಲ್ಲ ಎಂದು ತೀರ್ಮಾನವಾಯಿತಂತೆ.

ವಾರದ ಉಳಿದ ಆರು ದಿನ ನನ್ನ ಕೆಲಸವೇ ಬಾಯಿ ಬಿಡುವುದು. ರೈಲ್ವೆ ಸ್ಟೇಷನ್ನಿನಲ್ಲಿ ಪ್ರಕಟಣೆ ಮಾಡುವವಳು ನಾನು. ಒಂದನೇ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಗಾಜಿನ ಸಣ್ಣ ಕೋಣೆ, ಒಂದು ಮೈಕು, ಅದರ ಪಕ್ಕ ಕೆಂಪು ಬಲ್ಬು. ಬಲ್ಬು ಹತ್ತಿದ ಕೂಡಲೇ ನನ್ನ ಮಾತು ಎಲ್ಲ ಕಂಬಗಳಿಂದ ಹೊರಡುತ್ತದೆ. ದೂರದ ನಾಲ್ಕನೇ ಪ್ಲಾಟ್‌ಫಾರ್ಮಿನಿಂದ ಅದು ಅರೆಗಳಿಗೆ ತಡವಾಗಿ ನನಗೇ ವಾಪಸು ಕೇಳಿಸುತ್ತದೆ. ಮಂಜಿನ ಬೆಳಗುಗಳಲ್ಲಿ, ನನಗಿಂತ ದೊಡ್ಡವಳಾದ, ನನಗಿಂತ ಧೈರ್ಯವಂತೆಯಾದ ಯಾರೋ ಅಲ್ಲಿ ನಿಂತು ನನ್ನ ಮಾತನ್ನೇ ಇನ್ನೊಮ್ಮೆ ಹೇಳುತ್ತಿದ್ದಾಳೆ ಅನ್ನಿಸುತ್ತದೆ. ಅವಳು ಹೇಳಿದರೆ ನಿಜವಿರಬೇಕು ಎಂದು ನನಗೂ ಸಮಾಧಾನ.

ಈ ಕೆಲಸಕ್ಕಾಗಿ ಎರಡು ವರ್ಷ ಸಂಜೆ ತರಗತಿಗೆ ಹೋಗಿ ಉಚ್ಚಾರಣೆ ಕಲಿತಿದ್ದೆ. ಅಲ್ಲಿಯ ಮೇಡಂ ಒಂದು ಮಾತನ್ನು ವಾರಕ್ಕೆರಡು ಸಲ ಹೇಳುತ್ತಿದ್ದರು: "ಪ್ರಕಟಣೆ ಮಾಡೋರಿಗೆ ಸ್ವಂತ ಅಭಿಪ್ರಾಯ ಇರಬಾರದು ಕಣ್ರೇ. ಕಿಟಕಿಗೆ ಇರುತ್ತಾ?" ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಪಾಲಿಸಲು ಮಾತ್ರ ಆಗಲಿಲ್ಲ. ರೈಲು ಎರಡು ಗಂಟೆ ತಡ ಎಂದು ಚೀಟಿ ಬಂದರೆ, ಬೆಂಚಿನ ಮೇಲೆ ಕೂತ ಮುದುಕರ ಮುಖ ಗಾಜಿನಾಚೆ ಕಾಣಿಸಿ, "ಸ್ವಲ್ಪ ತಡವಾಗಿ ಬರಲಿದೆ" ಎಂದುಬಿಡುತ್ತಿದ್ದೆ. ಆ "ಸ್ವಲ್ಪ"ಕ್ಕೆ ಸ್ಟೇಷನ್ ಮಾಸ್ಟರರಿಂದ ಎರಡು ಸಲ ಬೈಸಿಕೊಂಡಿದ್ದೇನೆ.

ನಮ್ಮ ಸಭಾಮಂದಿರ ಇರುವುದು ದೊಡ್ಡಪ್ಪನ ವಾಚ್ ರಿಪೇರಿ ಅಂಗಡಿಯ ಹಿಂದಿನ ಉದ್ದನೆಯ ಹಾಲಿನಲ್ಲಿ. ಅಪ್ಪ ಅಮ್ಮ ಹೋದ ಮೇಲೆ ನನಗೂ ತಮ್ಮನಿಗೂ ಹಿರಿಯರೆಂದರೆ ದೊಡ್ಡಪ್ಪ ದೊಡ್ಡಮ್ಮ. ಸಭೆಗೂ ದೊಡ್ಡಪ್ಪನೇ ಮುಖ್ಯ ಹಿರಿಯ. ಹಾಲಿಗೂ ಅಂಗಡಿಗೂ ನಡುವೆ ಹಲಗೆಯ ಗೋಡೆ. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಆ ಗೋಡೆಯಾಚೆಯಿಂದ ನೂರಾರು ಗಡಿಯಾರಗಳ ಸದ್ದು ಸಣ್ಣ ಹುಳುಗಳ ಹಾಗೆ ಹರಿದು ಬರುತ್ತದೆ. ಒಂದೊಂದೂ ಒಂದೊಂದು ಹೊತ್ತು ತೋರಿಸುವವು. ಅವುಗಳ ನಡುವೆ ಕೂತಿದ್ದರೆ ಭಾನುವಾರಕ್ಕೆ ಹೊತ್ತೇ ಇಲ್ಲವೇನೋ ಎನ್ನುವಂತಿರುತ್ತದೆ.

ಹೆಂಗಸರಿಗೆ ಒಂದು ದಾರಿ ಇತ್ತು. ಬರೆಯುವುದು ಮಾತಲ್ಲ. ಪ್ರಸಂಗದಲ್ಲಿ, ಅಂದರೆ ಹಿರಿಯರ ಉಪದೇಶದಲ್ಲಿ, ಏನಾದರೂ ತಿಳಿಯದಿದ್ದರೆ ಹೆಂಡತಿ ಚೀಟಿ ಬರೆದು ನಡುದಾರಿಯಾಚೆ ಗಂಡನಿಗೆ ದಾಟಿಸುವಳು. ಅವನು ಎದ್ದು ನಿಂತು ತನ್ನದೇ ಪ್ರಶ್ನೆ ಎಂಬಂತೆ ಓದುವನು. ಒಂದು ಸಲ ಬಟನ್ ಅಂಗಡಿಯವರು ಎದ್ದು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಗಂಭೀರವಾಗಿ, "ನೀಲಿ ಸೋಪು ಎರಡು, ಬೆಂಕಿಪೊಟ್ಟಣ ಒಂದು ಡಜನ್, ದಪ್ಪ ಸೂಜಿ..." ಎಂದು ಓದಿ ನಿಂತುಬಿಟ್ಟರು. ಹೆಂಡತಿ ಗಡಿಬಿಡಿಯಲ್ಲಿ ಬೇರೆ ಚೀಟಿ ದಾಟಿಸಿದ್ದರು. ದೊಡ್ಡಪ್ಪ ಮೇಜಿನಿಂದ ತಲೆಯೆತ್ತಿ, "ಇದು ಯಾವ ಅಧ್ಯಾಯ?" ಎಂದು ಕೇಳಿದ. ಬಟನ್ ಅಂಗಡಿಯವರು ಸಭೆಯ ಎರಡನೇ ಹಿರಿಯರು. ಬರೆದದ್ದನ್ನು ಬರೆದ ಹಾಗೇ ಪಾಲಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕೆಟ್ಟವರಲ್ಲ, ಅಂಗಡಿಯಲ್ಲಿ ಒಂದೇ ಒಂದು ಬಟನ್ ಕೇಳಿದರೂ, ಅಂಗಿಯ ಉಳಿದ ಬಟನ್ನುಗಳಿಗೆ ಹೊಂದುವುದು ಸಿಗುವ ತನಕ ಡಬ್ಬಿ ಮೇಲೆ ಡಬ್ಬಿ ಹುಡುಕುವವರು.

ತಮ್ಮ ಹುಟ್ಟುಕಿವುಡ. ನನಗಿಂತ ಮೂರು ವರ್ಷ ಚಿಕ್ಕವನು. ನಮ್ಮಿಬ್ಬರ ಕೈಭಾಷೆ ಮನೆಯಲ್ಲೇ ಬೆಳೆದದ್ದು. ಗಲ್ಲದ ಮೇಲೆ ಬೆರಳಿಟ್ಟರೆ ಅಮ್ಮ. ಅಲ್ಲಿ ಅವಳಿಗೆ ಮಚ್ಚೆ ಇತ್ತು. ಕಣ್ಣಿಗೆ ಮುಷ್ಟಿ ತಿರುಗಿಸಿದರೆ ದೊಡ್ಡಪ್ಪ, ಅವನ ವಾಚ್ ನೋಡುವ ಮಸೂರ. ತಲೆಯ ಮೇಲೆ ಅಂಗೈ ಬಿಡಿಸಿದರೆ ದೇವರು. ಅವನು ಮಗ್ಗದ ಶೆಡ್ಡಿಗೆ ಕೆಲಸಕ್ಕೆ ಸೇರಿದ ಮೇಲೆ ಆ ಭಾಷೆಗೆ ಹೊಸ ಮಾತುಗಳು ಬಂದವು. ನಲವತ್ತು ಮಗ್ಗ ಒಟ್ಟಿಗೆ ಬಡಿಯುವ ಜಾಗ ಅದು. ಕಿವಿ ಇರುವವರು ಕಿವಿಗೆ ಹತ್ತಿ ತುರುಕಿಕೊಂಡು ಕೈಯಲ್ಲೇ ಮಾತಾಡುತ್ತಾರೆ, ಕೈಯಲ್ಲೇ ಜಗಳವಾಡುತ್ತಾರೆ. ಊರಲ್ಲಿ ಅವನನ್ನು "ಮೂಗ" ಎನ್ನುತ್ತಾರೆ. ಶೆಡ್ಡಿನಲ್ಲಿ ಅವನ ಹೆಸರು "ಮಾತಿನಮಲ್ಲ". ಒಮ್ಮೆ ಬುತ್ತಿ ಕೊಡಲು ಹೋಗಿದ್ದಾಗ ನೋಡಿದ್ದೆ. ಹತ್ತಿಯ ಎಳೆಗಳು ಹಿಮದ ಹಾಗೆ ತೇಲುವ ಬೆಳಕಿನಲ್ಲಿ, ಆರೇಳು ಜನರನ್ನು ಸುತ್ತ ನಿಲ್ಲಿಸಿಕೊಂಡು ಅವನು ಕಥೆ ಹೇಳುತ್ತಿದ್ದ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಗ್ಗಗಳ ಬಡಿತದಲ್ಲಿ ನಗುವಿನ ಸದ್ದೂ ಇರಲಿಲ್ಲ. ಅಲ್ಲಿ ಬೇರೆಯವಳು ನಾನೊಬ್ಬಳೇ.

ಸಭೆಯಲ್ಲಿ ಅವನು ಗಂಡಸರ ಕೊನೆಯ ಬೆಂಚಿನಲ್ಲಿ, ನಾನು ಹೆಂಗಸರ ಕೊನೆಯ ಬೆಂಚಿನಲ್ಲಿ. ಪ್ರಸಂಗವನ್ನು ಮಡಿಲಲ್ಲಿಟ್ಟ ಕೈಯಿಂದ ಅವನಿಗೆ ದಾಟಿಸುತ್ತಿದ್ದೆ. ಕೈ ಬಾಯಲ್ಲ ಎಂದು ಹಿರಿಯರು ಒಪ್ಪಿದ್ದರು. ಆದರೆ ಇಲ್ಲೂ ನನ್ನ "ಸ್ವಲ್ಪ" ಇತ್ತು. ಹಟಮಾರಿ ಜನರನ್ನು ಪ್ರಸಂಗಿ "ಕಿವುಡರೇ" ಎಂದು ಬೈದರೆ ನಾನು ಬರೀ "ಹಟಮಾರಿಗಳೇ" ಎನ್ನುವೆ. ಬರಲಿರುವ ಲೋಕದಲ್ಲಿ ಕಿವುಡರ ಕಿವಿ ತೆರೆಯುತ್ತದೆ ಎಂಬ ಮಾತು ಬಂದಾಗಲೆಲ್ಲ "ಅಲ್ಲಿ ಎಲ್ಲರೂ ಸಂತೋಷವಾಗಿರುತ್ತಾರೆ" ಎಂದು ಮುಗಿಸುವೆ. ಯಾಕೆ ಎಂದು ಸರಿಯಾಗಿ ಹೇಳಲಾರೆ. ನೀನು ಸರಿಯಿಲ್ಲ, ಆಮೇಲೆ ಸರಿಮಾಡುತ್ತಾರೆ ಎಂದು ನನ್ನ ಕೈಯಿಂದ ಅವನಿಗೆ ಹೇಳಲು ಆಗುತ್ತಿರಲಿಲ್ಲ. ನೋಯಿಸಬಾರದೆಂದೋ, ನನಗೇ ನೋವಾಗುತ್ತದೆಂದೋ. ಇಪ್ಪತ್ತು ವರ್ಷ ಹೀಗೇ ನಡೆಯಿತು.

ತಮ್ಮನಿಗೆ ಬೇಕಾಗಿದ್ದು ಒಂದೇ. ಭಾನುವಾರ ಯೇಸುವಿನ ನೆನಪಿಗೆ ಮುರಿಯುವ ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಹೋಗುತ್ತದೆ. ನೀರಿಗಿಳಿದು ದೀಕ್ಷಾಸ್ನಾನ ಪಡೆದವರು ಮಾತ್ರ ಅದನ್ನು ಮುಟ್ಟಬಹುದು. ಸ್ನಾನಕ್ಕೆ ಮೊದಲು ಎಲ್ಲರೆದುರು ಬಾಯಿಂದ ನಂಬಿಕೆಯ ಅರಿಕೆ ಮಾಡಬೇಕು, ಹಾಗಂತ ಬರೆದಿದೆ. ಹಾಗಾಗಿ ಇಪ್ಪತ್ತೊಂಬತ್ತು ವರ್ಷದವನಾದರೂ ತಟ್ಟೆ ಅವನ ಮೂಗಿನ ಮುಂದಿನಿಂದ ಹಾದು ಹೋಗುತ್ತಿತ್ತು. ಒಂದು ದಿನ ಮನೆಗೆ ಬರುವ ದಾರಿಯಲ್ಲಿ ಅವನು ಕೈಯಲ್ಲಿ ಹೇಳಿದ: "ದಾರಿ ಮಧ್ಯೆ ಸಣ್ಣ ಸಣ್ಣ ಸ್ಟೇಷನ್ ಇರುತ್ತಲ್ಲ, ನಾನು ಹಾಗೆ. ರೈಲು ಪ್ರತಿದಿನ ಬರುತ್ತೆ. ನಿಲ್ಲೋದಿಲ್ಲ." ಅವತ್ತೇ ದೊಡ್ಡಪ್ಪನಿಗೆ ಹೇಳಿದೆ.

ಹಿರಿಯರು ವಾಚ್ ಅಂಗಡಿಯಲ್ಲಿ ಸೇರಿದರು. ಅಂಗಡಿ ಸಭೆಯಲ್ಲ, ಹಲಗೆಗೋಡೆಯ ಬಾಗಿಲಿನ ಈಚೆ ನಿಂತರೆ ನಾನೂ ಮಾತಾಡಬಹುದು. ತಮ್ಮ ಸ್ಟೂಲಿನ ಮೇಲೆ ಕೂತು ಎಲ್ಲರ ತುಟಿ ನೋಡುತ್ತಿದ್ದ.

"ಬಾಯಿಂದ ಅಂತ ಇದೆ," ಎಂದರು ಬಟನ್ ಅಂಗಡಿಯವರು. "ನಾನು ಬರೆದದ್ದಲ್ಲಪ್ಪ ಅದು. ಇವನಿಗೆ ಬಾಯಿಲ್ಲ, ನಾನೇನು ಮಾಡ್ಲಿ?"

"ಬಾಯಿದೆ ಅಂಕಲ್, ದನಿಯಿಲ್ಲ ಅಷ್ಟೆ," ಎಂದೆ.

"ಬರೆದು ಕೊಡ್ಲಿ," ಎಂದ ದೊಡ್ಡಪ್ಪ. "ಅಕ್ಷರ ಬರುತ್ತಲ್ಲ ಅವನಿಗೆ."

ತಮ್ಮ ಕಾಗದ ತೆಗೆದುಕೊಂಡು ಬರೆದ. ಬಟನ್ ಅಂಗಡಿಯವರು ಓದಿದರು: "ನೀರು ನಾನು ಇಳಿ ರೊಟ್ಟಿ ಎಲ್ಲ ಜೊತೆ. ಇದೇನು, ತಂತಿ ಸಂದೇಶವಾ?"

"ನೀರಿಗಿಳಿದು ಎಲ್ಲರ ಜೊತೆ ರೊಟ್ಟಿ ತಿನ್ನಬೇಕು ಅಂತ," ಎಂದೆ. "ಅವನ ಕೈ ಹೇಳೋ ಹಾಗೇ ಬರೀತಾನೆ."

"ಅದೂ ಅಲ್ಲದೆ, ಬರೆಯೋದು ಮಾತು ಅಂತ ಒಪ್ಪಿದ್ರೆ," ದೊಡ್ಡಪ್ಪ ಕೈಯಲ್ಲಿದ್ದ ವಾಚಿನ ಬೆನ್ನು ಬಿಚ್ಚುತ್ತ, ತನ್ನ ಸಲಹೆಗೆ ತಾನೇ ಅಡ್ಡ ಬಂದ, "ನಮ್ಮನೆಯೋಳೂ ನಿಮ್ಮನೆಯೋರೂ ಮೂವತ್ತು ವರ್ಷದಿಂದ ಸಭೇಲಿ ಮಾತಾಡಿದ ಹಾಗಾಯ್ತಲ್ಲ?"

ಬಟನ್ ಅಂಗಡಿಯವರು ಆ ಮೂವತ್ತು ವರ್ಷಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದರೋ ಏನೋ. "ಇಲ್ಲ ಇಲ್ಲ," ಎಂದರು ಕೊನೆಗೆ. "ಬರೆಯೋದು ಮಾತಲ್ಲ."

"ಹಾಗಿದ್ರೆ ಇವಳು ಹೇಳ್ಲಿ. ಅವನು ಕೈಯಲ್ಲಿ ಹೇಳಿದ್ದನ್ನ."

"ಸಭೇಲಿ? ಹೆಣ್ಣುಮಗಳು?"

ದೊಡ್ಡಪ್ಪ ಕಣ್ಣಿನಿಂದ ಮಸೂರ ತೆಗೆದ. "ಹೋದ ವಾರ ಊರಿಗೆ ಹೋದ್ರಲ್ಲ, ರೈಲು ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತೆ ಅಂತ ಯಾರು ಹೇಳಿದ್ದು?"

"ರೈಲ್ವೆಯೋರು."

"ದನಿ ಯಾರದು?"

ಬಟನ್ ಅಂಗಡಿಯವರು ನನ್ನನ್ನು ನೋಡಿದರು. "ಇವಳದ್ದೇ."

"ಹೆಂಗಸಿನ ಮಾತು ಅಂತ ನೀವು ಮೂರನೇದಕ್ಕೆ ಹೋದ್ರಾ?"

"ಅಲ್ಲಪ್ಪ, ಅದು ರೈಲ್ವೆ ಮಾತು!"

"ಇದು ಇವಳ ತಮ್ಮನ ಮಾತು."

ಅರ್ಧ ಗಂಟೆ ಕಳೆದ ಮೇಲೆ ಬಟನ್ ಅಂಗಡಿಯವರು ಒಂದು ಷರತ್ತಿನ ಮೇಲೆ ಒಪ್ಪಿದರು. "ಅವನು ಹೇಳಿದ್ದಷ್ಟೇ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ. ನಿನ್ನದು ಅಂತ ಒಂದಕ್ಷರ ಬಂದ್ರೆ ಅದು ನೀನು ಸಭೇಲಿ ಮಾತಾಡಿದ ಹಾಗೆ. ಅಲ್ಲಿಗೆ ಅವನ ಅರಿಕೇನೂ ನಿಂತುಹೋಗುತ್ತೆ. ಆಗಬಹುದಾ?"

"ಆಗಬಹುದು," ಎಂದೆ. ಅಷ್ಟು ಹೊತ್ತೂ ತುಟಿ ನೋಡುತ್ತಿದ್ದ ತಮ್ಮ ಕೇಳಿದ: "ಏನಂತೆ?" ನಾನು ಹೇಳಿದೆ: "ಎಲ್ಲ ಸರಿಯಾಯ್ತು." ಷರತ್ತಿನ ವಿಷಯ ಬಿಟ್ಟೆ.

ಶನಿವಾರ ಬೆಳಿಗ್ಗೆ ಸ್ಟೇಷನ್ ಪೂರ್ತಿ ಮಂಜಿನಲ್ಲಿ ಮುಳುಗಿತ್ತು. ಗಾಜಿನಾಚೆ ಹಳಿಗಳಿಲ್ಲ, ಜನರಿಲ್ಲ, ಬರೀ ಬಿಳಿ. ಆ ಬಿಳಿಯೊಳಕ್ಕೆ ನಾನು ರೈಲುಗಳ ಹೆಸರು ಹೇಳುತ್ತಿದ್ದೆ. ಹೇಳಿದ ಕೂಡಲೇ ಒಂದೊಂದಾಗಿ ದೀಪಗಳು ಮೂಡಿ ಬರುತ್ತಿದ್ದವು, ನಾನು ಹೇಳದಿದ್ದರೆ ಅವು ಇರುತ್ತಲೇ ಇರಲಿಲ್ಲವೇನೋ ಎಂಬಂತೆ. ತಪ್ಪು ಹೆಸರು ಹೇಳಿದರೆ ತಪ್ಪು ರೈಲೇ ಬಂದುಬಿಡುತ್ತದೆ ಎಂದು ಭಯವಾಗಿ, ಒಂದೊಂದು ಚೀಟಿಯನ್ನೂ ಮೂರು ಮೂರು ಸಲ ಓದಿದೆ. ಸಂಜೆ ಮನೆಯಲ್ಲಿ, ಅರಿಕೆಗೆ ಹಿರಿಯರು ಕೇಳುವ ನಾಲ್ಕು ಪ್ರಶ್ನೆಗಳ ಅಭ್ಯಾಸ ಮಾಡಿದೆವು. ನಾಲ್ಕಕ್ಕೂ ತಮ್ಮ "ಹೌದು, ನಂಬುತ್ತೇನೆ" ಎಂದ. ಎದೆಯಿಂದ ಕೈ ಎತ್ತಿ ತಲೆಯ ಮೇಲೆ ಬಿಡಿಸಿದರಾಯಿತು. ಐದನೇ ಸಲಕ್ಕೆ, "ನಾನಲ್ಲ, ನೀನು ಪರೀಕ್ಷೆ ಬರೆಯೋ ಹಾಗಿದೆ" ಎಂದು ನಕ್ಕ.

ಭಾನುವಾರ ವೇದಿಕೆಯ ಹಲಗೆಗಳನ್ನು ತೆಗೆದಿದ್ದರು. ಕೆಳಗೆ ಸಿಮೆಂಟಿನ ತೊಟ್ಟಿ, ಅದರ ತುಂಬ ನೀರು. ಕಿಟಕಿಯ ಬೆಳಕು ನೀರಿಗೆ ಬಿದ್ದು, ಅಲ್ಲಿಂದ ಮೇಲೆದ್ದು ಮಾಡಿನ ಮೇಲೆ ನಡುಗುತ್ತಿತ್ತು. ತಮ್ಮ ಬಿಳಿ ಅಂಗಿ ಹಾಕಿಕೊಂಡು ತೊಟ್ಟಿಯ ಅಂಚಿನಲ್ಲಿ ನಿಂತ. ತಲೆಗೆ ಬಟ್ಟೆ ಕಟ್ಟಿಕೊಂಡು ನಾನು ಅವನೆದುರು. ಹುಟ್ಟಿದಾಗಿನಿಂದ ಬರುತ್ತಿದ್ದ ಆ ಹಾಲನ್ನು ಮುಂದಿನಿಂದ ನೋಡಿದ್ದು ಅದೇ ಮೊದಲು. ಇಷ್ಟೊಂದು ಮುಖಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಬರೀ ಬೆನ್ನುಗಳನ್ನು ಬಲ್ಲವಳು ನಾನು.

ದೊಡ್ಡಪ್ಪ ಮೊದಲ ಪ್ರಶ್ನೆ ಕೇಳಿದ. ನನ್ನ ಕೈ ಕೇಳಿತು, ತಮ್ಮನ ಕೈ ಹೇಳಿತು, ನನ್ನ ಬಾಯಿ "ಹೌದು, ನಂಬುತ್ತೇನೆ" ಎಂದಿತು. ಮೈಕಿಲ್ಲದ ನನ್ನ ದನಿ ಇಷ್ಟು ಸಣ್ಣದೇ ಎಂದು ಆಶ್ಚರ್ಯವಾಯಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

ನಾಲ್ಕನೆಯದು ಬಟನ್ ಅಂಗಡಿಯವರದು. ಬರಲಿರುವ ಲೋಕವನ್ನು ನಂಬುತ್ತೀಯಾ ಎಂದಷ್ಟೇ ಅವರು ಕೇಳಬೇಕಿತ್ತು. ಆದರೆ ಆ ದಿನ ಅವರಿಗೂ ಮನಸ್ಸು ತುಂಬಿತ್ತು. ಅಂಗಿಗೆ ಹೊಂದುವ ಬಟನ್ ಸಿಕ್ಕವರ ಹಾಗೆ ಮುಖ ಅರಳಿಸಿ, ತಮ್ಮನಿಗಾಗಿಯೇ ಒಂದು ಮಾತು ಸೇರಿಸಿದರು: "ಆ ಲೋಕದಲ್ಲಿ ಕಿವುಡರ ಕಿವಿ ತೆರೆಯುತ್ತೆ ಅಂತ ವಾಗ್ದಾನ ಇದೆಯಲ್ಲ ಮಗಾ, ಅದನ್ನ ನಂಬ್ತೀಯಾ?"

ನನ್ನ ಕೈ ತಾನಾಗಿಯೇ ಹಳೆಯ ದಾರಿ ಹಿಡಿಯಿತು. "ಅಲ್ಲಿ ಎಲ್ಲರೂ ಸಂತೋಷವಾಗಿರುತ್ತಾರೆ, ನಂಬುತ್ತೀಯಾ?" ಎಂದು ಕೇಳಿದೆ. ಆದರೆ ತಮ್ಮ ನನ್ನನ್ನು ನೋಡುತ್ತಿರಲಿಲ್ಲ. ಬಟನ್ ಅಂಗಡಿಯವರು ಮಾತಿನ ಜೊತೆಗೆ ತಮ್ಮದೇ ಕಿವಿಯನ್ನು ಮುಟ್ಟಿ, ಬೆರಳುಗಳನ್ನು ಹೂವಿನ ಹಾಗೆ ಬಿಡಿಸಿ ತೋರಿಸಿದ್ದರು.

ತಮ್ಮ ಉದ್ದಕ್ಕೆ ಮಾತಾಡಿದ. ಶೆಡ್ಡಿನಲ್ಲಿ ಕಥೆ ಹೇಳುವವನ ಹಾಗಲ್ಲ. ನಿಧಾನವಾಗಿ, ಒಂದೊಂದು ಮಾತನ್ನೂ ಗಾಳಿಯಲ್ಲಿ ಇಟ್ಟು, ಅದು ಅಲ್ಲೇ ನಿಂತಿದೆಯೇ ಎಂದು ನೋಡಿ, ಆಮೇಲೆ ಇನ್ನೊಂದನ್ನು ಇಡುವವನ ಹಾಗೆ. ಅವನ ಕೈಗಳ ನೆರಳು ನೀರಿನ ಮೇಲೆ ಹಾರಾಡಿತು. ಮುಗಿಸಿ ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ನೋಡಿದರು.

ಅವನು ಹೇಳಿದ್ದನ್ನು ಇವರೆದುರು ಹೇಳಿದರೆ ತಟ್ಟೆ ಅವನ ಮುಂದೆ ಎಂದೂ ನಿಲ್ಲುವುದಿಲ್ಲ ಎನಿಸಿತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ಹಾಲಿನಲ್ಲಿ ಅವನ ಭಾಷೆ ಬಲ್ಲವಳು ನಾನೊಬ್ಬಳೇ.

"ಹೌದು, ನಂಬುತ್ತೇನೆ," ಎಂದೆ.

ಬಟನ್ ಅಂಗಡಿಯವರು ಕಣ್ಣು ಮುಚ್ಚಿ ತಲೆದೂಗಿದರು. ದೊಡ್ಡಪ್ಪ ನೀರಿಗಿಳಿಯಲು ತೋಳು ಮಡಚತೊಡಗಿದ. ತಮ್ಮ ನನ್ನ ತುಟಿಯನ್ನೇ ನೋಡುತ್ತಿದ್ದ. ಆಮೇಲೆ ಎರಡು ಬೆರಳಿನ ನಡುವೆ ಒಂದು ಕಾಳಿನಷ್ಟು ಜಾಗ ತೋರಿಸಿ ಕೇಳಿದ: "ಅಷ್ಟುದ್ದ ಹೇಳಿದೆ. ಇಷ್ಟೇನಾ?"

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಇವಳು ಹೀಗೇ ಮಾಡುತ್ತಾಳೆ ಎಂದು ಮೊದಲೇ ಗೊತ್ತಿದ್ದವನ ಆಯಾಸವಿತ್ತು. ಮಾಡಿನ ಮೇಲಿನ ಬೆಳಕು ಇಳಿದು ಬಂದು ನನ್ನನ್ನೂ ನೀರನ್ನೂ ಒಂದೇ ಮಾಡಿದ ಹಾಗಾಯಿತು. ನಾಲ್ಕನೇ ಪ್ಲಾಟ್‌ಫಾರ್ಮಿನವಳು ಈಗ ಹೇಳುತ್ತಾಳೆ ಎಂದು ಕಾದೆ. ಯಾರೂ ಹೇಳಲಿಲ್ಲ.

"ತಪ್ಪಾಯ್ತು," ಎಂದೆ.

ಅದು ತಮ್ಮನ ಮಾತಾಗಿರಲಿಲ್ಲ.

"ಅವನು ಹೌದು ಅನ್ನಲಿಲ್ಲ. ಅವನು ಹೇಳಿದ್ದು ಇದು." ಕಣ್ಣು ಮುಚ್ಚಿಕೊಂಡು, ಸಂಜೆ ತರಗತಿಯಲ್ಲಿ ಕಲಿತ ಹಾಗೆ ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ: "ನನಗೆ ಕಿವಿ ಬೇಡ. ಪುಸ್ತಕದಲ್ಲಿ ಕಿವಿ ತೆರೆಯುತ್ತೆ ಅಂತ ಬರೆದಿದೆ, ಬೆರಳಿಟ್ಟು ಓದಿದ್ದೇನೆ. ಅಕ್ಕ ಯಾವಾಗಲೂ ಅಲ್ಲಿ ಬೇರೆ ಏನೋ ಹೇಳುತ್ತಾಳೆ. ಆ ಸಾಲು ಓದಿದರೆ ನನಗೆ ಹೆದರಿಕೆ. ಅಮ್ಮ ಹೋಗುವ ದಿನ ದೀಪ ಇರಲಿಲ್ಲ. ಅವಳು ನನ್ನ ಅಂಗೈಯೊಳಗೆ ಬೆರಳಿಟ್ಟು ಮಾತಾಡಿದಳು. ಅಲ್ಲಿ ಅಮ್ಮ ಬಾಯಿಂದ ಕರೆದರೆ ಅವಳ ದನಿ ನನಗೆ ಗುರುತು ಸಿಗುವುದಿಲ್ಲ. ಕೈಯಾದರೆ ಸಿಗುತ್ತೆ."

ಗೋಡೆಯಾಚೆ ಗಡಿಯಾರಗಳು ಹರಿಯುತ್ತಲೇ ಇದ್ದವು.

ಬಟನ್ ಅಂಗಡಿಯವರು ಮೊದಲು ಚೇತರಿಸಿಕೊಂಡರು. "ಮೊದಲು ಹೌದು ಅಂದ್ಲು. ಈಗ ಅಲ್ಲ ಅಂತಾಳೆ. ಮಧ್ಯದಲ್ಲಿ ಸ್ವಂತ ಮಾತು ಬೇರೆ. ಯಾವುದನ್ನ ನಂಬೋದು? ಎರಡು ಸಾಕ್ಷಿ ಇಲ್ಲದೆ ಯಾವ ಮಾತೂ ನಿಲ್ಲೋದಿಲ್ಲ ಅಂತಾನೂ ಬರೆದಿದೆ. ಇವನ ಕೈಭಾಷೆಗೆ ಎರಡನೇ ಸಾಕ್ಷಿ ಎಲ್ಲಿಂದ ತರೋದು?"

ಆಗ ಹೆಂಗಸರ ಕೊನೆಯ ಬೆಂಚಿನಿಂದ ದೊಡ್ಡಮ್ಮ ಎದ್ದು ನಿಂತಳು. ಬೆನ್ನುನೋವಿಗೆ ಒರಗಿ ಕೂರಬೇಕೆಂದು ವರ್ಷಾನುಗಟ್ಟಲೆಯಿಂದ ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು. ಬಾಯಿ ತೆರೆಯಲಿಲ್ಲ. ಎರಡೂ ಕೈಯೆತ್ತಿ ತಮ್ಮನ ಕಡೆಗೆ ಮಾತಾಡಿದಳು. ತೊದಲುವ ಹಳೆಯ ಕೈ. ಆದರೆ ಶೆಡ್ಡಿನ ಭಾಷೆಯೇ, ಅನುಮಾನವಿಲ್ಲ. ಮದುವೆಗೆ ಮೊದಲು ನಾಲ್ಕು ವರ್ಷ ಅದೇ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದಳಂತೆ. ದೊಡ್ಡಪ್ಪನಿಗೇ ಅದು ನೆನಪಿರಲಿಲ್ಲ.

"ಏನಂತಿದ್ದಾಳೆ?" ಎಂದು ದೊಡ್ಡಪ್ಪ ನನ್ನನ್ನೇ ಕೇಳಿದ.

"'ಈ ಹುಡುಗಿ ಈಗ ಹೇಳಿದ್ದು ನಿಜ' ಅಂತ," ಎಂದೆ.

"ಆಹಾ!" ಎಂದರು ಬಟನ್ ಅಂಗಡಿಯವರು. "ಸಾಕ್ಷಿ ಏನು ಹೇಳ್ತಾಳೆ ಅಂತ ಆರೋಪಿಯನ್ನೇ ಕೇಳೋದಾ!"

ದೊಡ್ಡಮ್ಮ ಅವರ ಕಡೆ ತಿರುಗಿ ಒಮ್ಮೆ ತಲೆಯಾಡಿಸಿದಳು. ಅದಕ್ಕೆ ಅನುವಾದ ಬೇಕಾಗಲಿಲ್ಲ. ಆಮೇಲೆ ನನ್ನನ್ನು ನೋಡಿ, ಕೈಯಲ್ಲಿ ಇನ್ನೊಂದು ಮಾತು ಹೇಳಿ ಕೂತಳು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. "ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ ಕಣೇ" ಎಂದಿದ್ದಳು. ನಾನು ಬಿಟ್ಟ ಒಂದೊಂದು ಮಾತೂ ನನ್ನ ಪಕ್ಕದಲ್ಲೇ ಕೂತಿತ್ತು.

"ಸರಿ, ಹೇಳಿದ್ದಾನೆ ಅಂತಿಟ್ಟುಕೊಳ್ಳಿ," ಎಂದರು ಬಟನ್ ಅಂಗಡಿಯವರು. ಅವರ ದನಿ ಇಳಿದಿತ್ತು. ಪ್ರೀತಿಯಿಂದ ಕೊಟ್ಟದ್ದನ್ನು ವಾಪಸು ಮಾಡಿಸಿಕೊಂಡವರ ದನಿ. "ವಾಗ್ದಾನವನ್ನ ಬೇಡ ಅನ್ನೋನಿಗೆ ನಂಬಿಕೆ ಇದೆ ಅಂತ ಹೇಗೆ ಹೇಳ್ಲಿ? ಆ ಸಾಲಿಗೆ ಬೇರೆ ಅರ್ಥ ಇರಬಹುದು, ಆ ಕಾಲದ ಮಾತಿನ ರೀತಿ ಅಂತ ಅಂದ್ಕೊಳ್ಳೋಣ ಅಂದ್ರೆ, ಹಾಗೆ ಶುರು ಮಾಡಿದ್ರೆ ಕೊನೆ ಎಲ್ಲಿ? ನೀವೇ ಹೇಳಿ."

ದೊಡ್ಡಪ್ಪ ಮಡಚಿದ್ದ ತೋಳನ್ನು ಮತ್ತೆ ಇಳಿಸಿದ. ಎಲ್ಲಕ್ಕೂ ಉತ್ತರ ಇರುತ್ತಿದ್ದ ಮನುಷ್ಯ. "ಅಲ್ಲಿ ಏನು ತೆರೆಯುತ್ತೋ ನಂಗೊತ್ತಿಲ್ಲ," ಎಂದ. ಆಮೇಲೆ ನನಗೆ, "ಅವನನ್ನ ಕೇಳು. ತೆರೆದೇ ತೆರೀತೀನಿ ಅಂತ ದೇವರು ಹಟ ಹಿಡಿದ್ರೆ? ಆಗಲೂ ಅಲ್ಲಿಗೆ ಹೋಗ್ತೀಯಾ ಅಂತ. ಇದ್ದ ಹಾಗೇ ಕೇಳು."

ಇದ್ದ ಹಾಗೇ ಕೇಳಿದೆ. ಕಿವಿ ಮುಟ್ಟಿ, ಬೆರಳು ಬಿಡಿಸಿ. ಆ ಮಾತನ್ನು ನನ್ನ ಕೈ ಅವನಿಗೆ ಹೇಳಿದ್ದು ಅದೇ ಮೊದಲು.

ತಮ್ಮ ನೀರನ್ನು ನೋಡಿದ. ಕೆನ್ನೆ ಕೆರೆದುಕೊಂಡ. ಉತ್ತರ ಹೇಳಿದ. ಇದನ್ನೂ ತಿದ್ದಬೇಕೆಂದು ಬಾಯಿ ತುಡಿಯಿತು. ತಿದ್ದಲಿಲ್ಲ.

"ಹೋಗ್ತೀನಿ. ಮೊದಲು ಅಮ್ಮನ ಹತ್ರ. ಆಮೇಲೆ, ಇಲ್ಲಿ ಹತ್ತಿ ಎಲ್ಲಿ ಸಿಗುತ್ತೆ ಅಂತ ವಿಚಾರಿಸ್ತೀನಿ."

ಹೆಂಗಸರ ಕಡೆಯಿಂದ ಯಾರೋ ಮೂಗಿನಲ್ಲಿ ನಕ್ಕರು. ಇನ್ನೊಬ್ಬರು ತಡೆಯಲು ಹೋಗಿ ಕೆಮ್ಮಿದರು. ಆಮೇಲೆ ತಡೆಯಲಾಗಲಿಲ್ಲ, ಬೆಂಚಿನಿಂದ ಬೆಂಚಿಗೆ ದಾಟಿ, ನಡುದಾರಿಯಾಚೆ ಗಂಡಸರನ್ನೂ ಹಿಡಿಯಿತು. ಆ ಹಾಲಿನಲ್ಲಿ ಹೆಂಗಸರ ನಗು ನಾನು ಕೇಳಿದ್ದು ಅದೇ ಮೊದಲು. ಕಿಟಕಿ ತೆರೆದಾಗ ಕೋಣೆಗೆ ನುಗ್ಗುವ ಹಕ್ಕಿಗಳ ಹಾಗೆ ಅದು ಮೇಲೆ ಸುತ್ತಾಡಿತು.

ಬಟನ್ ಅಂಗಡಿಯವರು ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು. ದೊಡ್ಡಪ್ಪ ಅವರ ಭುಜದ ಹತ್ತಿರ ಬಗ್ಗಿದ. "ಕಿವಿ ತೆರೆಯೋದಿಲ್ಲ ಅಂದ್ಕೊಂಡೋನು ಹತ್ತಿ ಯಾಕೆ ಹುಡುಕ್ತಾನೆ, ಹೇಳಿ? ಆ ಸಾಲನ್ನ ನಾವೆಲ್ಲ ಓದಿದ್ದೀವಿ. ಬರೆದ ಹಾಗೇ ನಡೆದುಬಿಡುತ್ತೆ ಅಂತ ಹೆದರಿದೋನು ಇವನೊಬ್ಬನೇ."

ಬಟನ್ ಅಂಗಡಿಯವರು ಒರೆಸುವುದನ್ನು ನಿಲ್ಲಿಸಿದರು. ಕನ್ನಡಕ ಹಾಕಿಕೊಂಡು ತಮ್ಮನನ್ನು ಬಹಳ ಹೊತ್ತು ನೋಡಿದರು. "ಅದು ಸರಿ," ಎಂದರು ನಿಧಾನವಾಗಿ. "ಅದು ನಂಬಿಕೆಯೇ. ಇಳೀಲಿ." ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಆದ್ರೆ ಇವಳ ಆ 'ತಪ್ಪಾಯ್ತು' ಲೆಕ್ಕದಲ್ಲಿದೆ. ಅದನ್ನ ಬೇರೆ ದಿನ ಮಾತಾಡೋಣ."

ಮಾತಾಡುತ್ತಲೇ ಇದ್ದಾರೆ. ತಪ್ಪೊಪ್ಪಿಕೊಳ್ಳುವುದು ಮಾತಾಡಿದ ಹಾಗೆಯೋ ಅಲ್ಲವೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಅವರು ಹೇಳುವುದೇ ಸರಿಯಿರಬಹುದು ಎಂದು ಕೆಲವು ದಿನ ನನಗೂ ಅನ್ನಿಸುತ್ತದೆ.

ದೊಡ್ಡಪ್ಪ ವಾಚ್ ಬಿಚ್ಚಿ ನನ್ನ ಕೈಗೆ ಕೊಟ್ಟು ತೊಟ್ಟಿಗಿಳಿದ. ತಮ್ಮ ಅವನ ಹಿಂದೆ ಇಳಿದ. ನೀರು ಅವರ ಎದೆಯ ತನಕ ಬಂತು; ಬಿಳಿ ಅಂಗಿ ಸುತ್ತಲೂ ಉಬ್ಬಿ ತೇಲಿತು. ದೊಡ್ಡಪ್ಪ ಒಂದು ಕೈಯನ್ನು ಅವನ ಬೆನ್ನಿಗಿಟ್ಟು, ಇನ್ನೊಂದರಿಂದ ಎದೆ ಹಿಡಿದು, ಹಿಂದಕ್ಕೆ ವಾಲಿಸಿದ. ಮುಖ ಮುಳುಗಿತು, ಅಂಗಿ ಮುಳುಗಿತು. ಎರಡು ಕೈಗಳು ಮಾತ್ರ ಒಂದು ಗಳಿಗೆ ನೀರಿನ ಮೇಲೆ ನಿಂತು, ಅವೂ ಒಳಗೆ ಹೋದವು. ನೀರು ಮುಚ್ಚಿಕೊಂಡಿತು. ಹಾಲಿನಲ್ಲಿ ಯಾರಿಗೂ ಏನೂ ಕೇಳಿಸದಂಥ ಒಂದು ನಿಶ್ಶಬ್ದ.

ಮೊದಲು ಮೇಲೆ ಬಂದದ್ದು ಕೈಗಳೇ. ಮುಖ ಇನ್ನೂ ನೀರಿನಲ್ಲಿರುವಾಗಲೇ ಅವು ಮಾತಾಡುತ್ತಿದ್ದವು, ಹನಿಗಳನ್ನು ನಾಲ್ಕೂ ಕಡೆ ಹಾರಿಸುತ್ತ, ಅವಸರದಲ್ಲಿ. ಎಲ್ಲರೂ ಬೆಂಚಿನಿಂದ ಅರ್ಧ ಎದ್ದಿದ್ದರು. ಬಟನ್ ಅಂಗಡಿಯವರು ಎದೆಯ ಮೇಲೆ ಕೈಯಿಟ್ಟುಕೊಂಡು, "ಏನಂತೆ? ಏನು ಕಂಡನಂತೆ?" ಎಂದು ನನ್ನನ್ನು ಕೇಳಿದರು.

ನಾನು ಒಂದು ಮಾತು ಹೆಚ್ಚಿಲ್ಲದೆ, ಒಂದು ಮಾತು ಕಡಿಮೆಯಿಲ್ಲದೆ ಹೇಳಿದೆ.

"ಅಯ್ಯಪ್ಪಾ, ನೀರು ಕೊರೀತಿದೆ. ಟವೆಲ್ ಎಲ್ಲಿ?"